ಬೆನ್ನುಮೂಳೆ ಗಡ್ಡೆಗೆ ಕೀಹೋಲ್ ಆಪರೇಷನ್: ಮೊದಲ ಸ್ಕ್ಯಾನಿಂದ ಮನೆಗೆ ಬರೋವರೆಗೂ ಏನೇನು ಮಾಡ್ಬೇಕು

ಅಮ್ಮನ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳ್ಕೊಳ್ತಿತ್ತು, ಅವಳಿಗೆ ಗೊತ್ತೇ ಆಗ್ತಿರ್ಲಿಲ್ಲ. ತಿಪಟೂರಿನ ನಮ್ಮ ಮನೆ ಅಂಗಳದ ನಡುವೆ ಒಂದು ಚಪ್ಪಲಿ ಬಿದ್ದಿರ್ತಿತ್ತು, ಅಮ್ಮ ಇನ್ನೊಂದನ್ನ ಮಾತ್ರ ಹಾಕ್ಕೊಂಡು ಗೇಟ್ ಹತ್ರ ಹಾಲಿನವನ ಜೊತೆ ಮಾತಾಡ್ತಾ ನಿಂತಿರ್ತಿದ್ಲು, ನಾವೆಲ್ಲ ನಗ್ತಿದ್ವಿ. ಆಮೇಲೆ ಮಂಡಿ ಸವೆದಿದೆ ಅಂತ ಆರು ತಿಂಗಳು ಮಾತ್ರೆ ನುಂಗಿಸಿದ್ವಿ, ಅದೂ ಸಾಲ್ದು ಅಂತ ಒಂದು ಕಡೆ ಸೊಂಟದ ಎಂಆರ್‌ಐ ಮಾಡಿಸಿದ್ವಿ, ಅದರಲ್ಲಿ "ಡಿಸ್ಕ್ ಸ್ವಲ್ಪ ಉಬ್ಬಿದೆ, ವಯಸ್ಸಿಗೆ ಸಹಜ" ಅಂತ ಬಂತು. ಗಡ್ಡೆ ಇದ್ದಿದ್ದು ಅದಕ್ಕಿಂತ ಒಂದು ಗೇಣು ಮೇಲೆ, ಬೆನ್ನಿನ ನಡುಭಾಗದಲ್ಲಿ, ಅಂದ್ರೆ ಆ ಫಿಲ್ಮ್‌ನೊಳಗೆ ಆ ಜಾಗಾನೇ ಇರ್ಲಿಲ್ಲ.

ಕೊನೆಗೆ ಅದು ಸಿಕ್ತು, ಚಿಕ್ಕ ತೂತಲ್ಲೇ ತೆಗೆದ್ರು, ಈಗ ಅಮ್ಮ ಓಡಾಡ್ಕೊಂಡಿದ್ದಾಳೆ. ಆದ್ರೆ ನಾನು ಸರ್ಜನ್ ಹತ್ರ ಹೋಗಿ ಕೇಳಿದ ಮೊದಲ ಪ್ರಶ್ನೆ "ಸಾರ್ ಎಷ್ಟು ಹೊಲಿಗೆ ಬೀಳುತ್ತೆ?" ಅಂತ. ಅವರು ನಕ್ಕು "ಅದನ್ನ ಕೊನೇಗೆ ಕೇಳಿ" ಅಂದ್ರು. ಯಾಕೆ ಅಂತ ಅರ್ಥ ಆಗೋಕೆ ನಂಗೆ ಮೂರು ವಾರ ಹಿಡೀತು. ನಾನು ಡಾಕ್ಟರ್ ಅಲ್ಲ, ಪೇಷೆಂಟ್ ಜೊತೆ ಫೈಲ್ ಹಿಡ್ಕೊಂಡು ಓಡಾಡಿದವನು, ಓಡಾಡ್ತಾ ಕೇಳಿ ಓದಿ ತಿಳ್ಕೊಂಡಿದ್ದನ್ನ ಕೆಲಸ ಮಾಡೋ ಕ್ರಮದಲ್ಲೇ ಬರೀತಿದೀನಿ.

ಹಂತ 1: ಇದು ಮಾಮೂಲಿ ಬೆನ್ನುನೋವಾ ಅಂತ ನೋಡ್ಕೊಳ್ಳಿ

ಬೆನ್ನುನೋವು ಅಂದವರಲ್ಲಿ ತುಂಬಾನೇ ಕಮ್ಮಿ ಜನಕ್ಕೆ ಗಡ್ಡೆ ಇರೋದು, ಹಾಗಾಗಿ ಹೆದರೋದು ಬೇಡ. ಮಾಮೂಲಿ ನೋವು ಮಲಗಿದ್ರೆ ಕಮ್ಮಿ ಆಗುತ್ತೆ. ಮಲಗಿದ್ರೆ ಜಾಸ್ತಿ ಆಗಿ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೂರಿಸೋ ನೋವು, ಎದೆ ಅಥವಾ ಹೊಟ್ಟೆ ಸುತ್ತ ಬೆಲ್ಟ್ ಬಿಗಿದ ಹಾಗಿರೋ ನೋವು, ಕಾಲು ಬಿಗಿಯೋದು, ಮೆಟ್ಟಿಲು ಇಳಿಯುವಾಗ ಕಾಲು ಎಲ್ಲಿದೆ ಅಂತ ನೋಡ್ಕೊಂಡೇ ಇಡ್ಬೇಕಾಗೋದು, ಇವೆಲ್ಲ ಬೇರೆ ಜಾತಿ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ತೂರಾಡೋದು ಅಂತೂ ದೊಡ್ಡ ಸೂಚನೆ, ಯಾಕಂದ್ರೆ ಕಾಲಿನ ಸುದ್ದಿ ಬೆನ್ನುಹುರಿ ಮೂಲಕ ಮೆದುಳಿಗೆ ಸರಿಯಾಗಿ ಹೋಗ್ತಿಲ್ಲ, ಇಷ್ಟು ದಿನ ಕಣ್ಣು ಆ ಕೆಲಸ ಮಾಡ್ತಿತ್ತು ಅಂತ ಅರ್ಥ. ನಮ್ಮಮ್ಮ ಹೇಳಿದ್ದು ಹೀಗೆ: "ಕಾಲೇ ನಂದಲ್ಲ ಅನ್ಸುತ್ತೆ ಕಣೋ, ಯಾರದ್ದೋ ಕಾಲು ತಂದು ಜೋಡಿಸಿದ ಹಾಗೆ."

ಹಿಂದೆ ಯಾವಾಗ್ಲೋ ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಕಿಡ್ನಿ ಅಥವಾ ಥೈರಾಯ್ಡ್ ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿರೋರಿಗೆ ಹೊಸದಾಗಿ ಬೆನ್ನುನೋವು ಶುರುವಾದ್ರೆ ಕಾಯೋಕೆ ಹೋಗ್ಬೇಡಿ, ಈ ಐದೂ ಮೂಳೆಗೆ ಹರಡೋ ಅಭ್ಯಾಸ ಇರೋ ಕ್ಯಾನ್ಸರ್‌ಗಳು. ಬೆನ್ನುಮೂಳೆಲಿ ಕಾಣಿಸೋ ಕೆಟ್ಟ ಗಡ್ಡೆಗಳಲ್ಲಿ ಹೆಚ್ಚಿನವು ಹೀಗೆ ಬೇರೆ ಕಡೆಯಿಂದ ಬಂದವೇ.

ಮೂತ್ರ ಕಟ್ಕೊಂಡ್ರೆ, ಗೊತ್ತಿಲ್ದೆ ಹೋಗ್ತಿದ್ರೆ, ಕೂರೋ ಜಾಗ ಜೋಮು ಹಿಡಿದ್ರೆ, ಒಂದೆರಡು ದಿನದಲ್ಲೇ ಕಾಲಿನ ಶಕ್ತಿ ಇಳಿದ್ರೆ ಅವತ್ತೇ ಎಮರ್ಜೆನ್ಸಿಗೆ ಹೋಗ್ಬೇಕು, ಸೋಮವಾರದ ಓಪಿಡಿಗೆ ಅಂತ ಕೂರೋ ಹಾಗಿಲ್ಲ. ಕಾಲು ಪೂರ್ತಿ ಬಿದ್ದೋದ ಮೇಲೆ ಮಾಡೋ ಆಪರೇಷನ್‌ಗೂ ಇನ್ನೂ ನಡೀತಿರುವಾಗ ಮಾಡೋ ಆಪರೇಷನ್‌ಗೂ ಫಲಿತಾಂಶದಲ್ಲಿ ಭೂಮಿ ಆಕಾಶದಷ್ಟು ವ್ಯತ್ಯಾಸ. ಇಂಥ ಟೈಮಲ್ಲಿ ಬೆನ್ನು ತುಳಿಸೋದು, ಎಣ್ಣೆ ಹಾಕಿ ಲಟಕ್ ಅನ್ಸೋದು ಯಾವ್ದೂ ಬೇಡ, ಗಡ್ಡೆ ತಿಂದು ಟೊಳ್ಳಾದ ಮೂಳೆ ಆ ಏಟಿಗೆ ಕುಸಿದುಬಿಡಬಹುದು.

ಹಂತ 2: ಎಂಆರ್‌ಐ ಸರಿಯಾದ ಜಾಗದ್ದು ಮಾಡಿಸಿ

ನಾವು ಎಡವಿದ್ದೇ ಇಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಬೆನ್ನುಹುರಿ ಅನ್ನೋದು ಸೊಂಟದವರೆಗೂ ಇರಲ್ಲ, ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೇ ಮೂಳೆ ಹತ್ರಾನೇ ಮುಗಿದುಹೋಗುತ್ತೆ, ಅಲ್ಲಿಂದ ಕೆಳಗೆ ಬರೀ ನರಗಳ ಗೊಂಚಲು. ಕಾಲು ಬಿಗಿಯಾಗಿ, ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿದ್ರೆ ಜೋರಾಗಿ ಚಿಮ್ಮಿದ್ರೆ ತೊಂದರೆ ಹುರಿಲೇ ಇದೆ, ಅಂದ್ರೆ ಎದೆ ಭಾಗದಲ್ಲೋ ಕತ್ತಲ್ಲೋ. ಆದ್ರೆ ಪೇಷೆಂಟ್ "ಕಾಲು" ಅಂತಾರೆ, ಬರೆಯೋರು ಸೊಂಟದ ಎಂಆರ್‌ಐ ಬರೀತಾರೆ. ನಮಗೆ ಎರಡನೇ ಡಾಕ್ಟರ್ ಸ್ಕ್ಯಾನ್ ನೋಡೋದಕ್ಕೂ ಮುಂಚೆ ಒಂದು ಗುಂಡುಸೂಜಿ ತಗೊಂಡು ಅಮ್ಮನ ಪಾದದಿಂದ ಮೇಲಕ್ಕೆ ಚುಚ್ತಾ ಬಂದ್ರು, "ಇಲ್ಲಿ ಚುರುಕ್ ಅನ್ಸುತ್ತಾಮ್ಮ? ಇಲ್ಲಿ?" ಅಂತ, ಹೊಕ್ಕುಳಿಗಿಂತ ಒಂದೆರಡು ಬೆರಳು ಮೇಲೆ ಬಂದಾಗ ಅಮ್ಮ "ಹಾ, ಈಗ ಚುಚ್ತು" ಅಂದ್ಲು. ಅಲ್ಲಿಗೆ ಅವರು ಪೆನ್ ತಗೊಂಡು ಬರೆದಿದ್ದು ಡಿ8 ಅಂತ, ಅಂದ್ರೆ ಎದೆ ಭಾಗದ ಎಂಟನೇ ಮೂಳೆ, ಸ್ಕ್ಯಾನ್‌ನಲ್ಲೂ ಅಲ್ಲೇ ಇತ್ತು. ಒಂದು ಸೂಜಿ ಮಾಡಿದ ಕೆಲಸ ಅದು.

ಹಾಗಾಗಿ ಬರೆಸ್ಕೊಳ್ಳುವಾಗ ಪೂರ್ತಿ ಬೆನ್ನುಮೂಳೆ ಬೇಕಾ ಅಂತ ಕೇಳಿ, ಎಷ್ಟೋ ಕಡೆ ಒಂದು ಭಾಗದ ಸ್ಕ್ಯಾನ್ ಜೊತೆಗೇ ಉಳಿದದ್ದರ ಸ್ಕ್ರೀನಿಂಗ್ ಅಂತ ಒಂದೆರಡು ಚಿತ್ರ ಸೇರಿಸಿ ಕೊಡ್ತಾರೆ. ಕ್ಯಾನ್ಸರ್ ಹರಡಿರೋ ಅನುಮಾನ ಇದ್ರಂತೂ ಪೂರ್ತಿ ಬೇಕೇ ಬೇಕು, ಯಾಕಂದ್ರೆ ಒಂದೇ ಸಲ ಎರಡು ಮೂರು ಕಡೆ ಇರೋದು ಅಪರೂಪ ಅಲ್ಲ. ಗಡ್ಡೆ ಅನುಮಾನ ಅಂದ್ರೆ ಅದು ಸ್ಕ್ಯಾನ್‌ನಲ್ಲಿ ಎದ್ದು ಕಾಣ್ಲಿ ಅಂತ ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕ್ತಾರೆ, ಅದಕ್ಕೆ ಮುಂಚೆ ಕ್ರಿಯಾಟಿನಿನ್ ಟೆಸ್ಟ್ ಕೇಳ್ತಾರೆ, ಕಿಡ್ನಿ ತೊಂದರೆ ಇದ್ರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ರೂ ಹೇಳಿ. ರಿಪೋರ್ಟ್ ಕಾಗದ ಮಾತ್ರ ತಗೊಂಡು ಬರ್ಬೇಡಿ, ಸಿಡಿ ಇಸ್ಕೊಳ್ಳಿ, ಸರ್ಜನ್‌ಗಳು ನೋಡೋದು ಅದನ್ನೇ.

ಹಂತ 3: ಗಡ್ಡೆ ಯಾವ ಪದರದಲ್ಲಿದೆ ಅಂತ ತಿಳ್ಕೊಳ್ಳಿ

ಮೇಲೆ ಮೂಳೆಯ ಚಿಪ್ಪು, ಚಿಪ್ಪಿನೊಳಗೆ ಒಂದು ಚೀಲ, ಚೀಲದೊಳಗೆ ನೀರು, ಆ ನೀರಲ್ಲಿ ಹುರಿ. ತೆಂಗಿನ ಊರಿನವರು ನಾವು, ಹಿಂಗೆ ಹೇಳಿದ ಮೇಲೆ ಅಪ್ಪನಿಗೂ ಅರ್ಥ ಆಯ್ತು.

ಚೀಲದ ಹೊರಗೆ, ಮೂಳೆಲಿ ಇದ್ರೆ ಹೆಚ್ಚಾಗಿ ಅದು ಬೇರೆ ಕಡೆಯಿಂದ ಹರಡಿದ್ದು ಅಥವಾ ಮೈಲೋಮಾ ಅನ್ನೋ ಮೂಳೆ ಮಜ್ಜೆಯ ಕ್ಯಾನ್ಸರ್. ಚೀಲದೊಳಗೆ ಆದ್ರೆ ಹುರಿಯ ಹೊರಗೆ ಇದ್ರೆ ಮೆನಿಂಜಿಯೋಮಾ ಅಥವಾ ಶ್ವಾನೋಮಾ, ಇವು ಬಹುಪಾಲು ಸಾಧು ಗಡ್ಡೆಗಳು, ನಿಧಾನಕ್ಕೆ ಬೆಳೆದು ಹುರಿನ ಪಕ್ಕಕ್ಕೆ ಒತ್ತಿರ್ತವೆ. ಮೆನಿಂಜಿಯೋಮಾ ನಡುವಯಸ್ಸು ದಾಟಿದ ಹೆಂಗಸರಿಗೆ, ಅದೂ ಎದೆ ಭಾಗದಲ್ಲಿ ಬರೋದು ಜಾಸ್ತಿ, ನಮ್ಮಮ್ಮಂದು ಅದೇ. ಹುರಿಯ ಒಳಗೇ ಬೆಳೆದಿದ್ರೆ ಎಪೆಂಡಿಮೋಮಾ, ಆಸ್ಟ್ರೋಸೈಟೋಮಾ ಅಂತ, ಅದು ಬೇರೆ ಲೆವೆಲ್ಲಿನ ಆಪರೇಷನ್.

ಇನ್ನೊಂದು, ರಿಪೋರ್ಟ್‌ನಲ್ಲಿ "ಹೆಮಾಂಜಿಯೋಮಾ" ಅನ್ನೋ ಪದ ನೋಡಿ ರಾತ್ರಿಯೆಲ್ಲ ನಿದ್ದೆ ಕೆಟ್ಟೋರು ತುಂಬಾ ಜನ. ಅದು ಮೂಳೆ ಒಳಗಿನ ರಕ್ತನಾಳಗಳ ಗುಚ್ಛ, ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಇರುತ್ತೆ, ಸಾಯೋವರೆಗೂ ಏನೂ ಮಾಡಲ್ಲ. ತೀರಾ ಅಪರೂಪಕ್ಕೆ ತೊಂದರೆ ಕೊಡುತ್ತೆ. ಬೆನ್ನುಮೂಳೆಗೆ ಸೂಜಿ ಮೂಲಕ ಸಿಮೆಂಟ್ ತುಂಬೋ ವರ್ಟಿಬ್ರೋಪ್ಲಾಸ್ಟಿ 1984ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಮಾಡಿದ್ದು ಹಂಗೆ ಕಾಟ ಕೊಡ್ತಿದ್ದ ಕತ್ತಿನ ಹೆಮಾಂಜಿಯೋಮಾ ಒಂದಕ್ಕೇ.

ಹಂತ 4: ಬಯಾಪ್ಸಿ ಬೇಕಾ, ಟಿಬಿ ಅಲ್ವಾ ಅಂತ ಕೇಳಿ

ನಮ್ಮ ದೇಶದಲ್ಲಿ ಇದನ್ನ ಬಿಡೋ ಹಾಗೇ ಇಲ್ಲ. ಬೆನ್ನುಮೂಳೆ ಟಿಬಿ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ತರ, ಕ್ಯಾನ್ಸರ್ ಟಿಬಿ ತರ ಕಾಣೋದು ಇದೆ. ಸಾಮಾನ್ಯವಾಗಿ ಟಿಬಿ ಎರಡು ಮೂಳೆ ನಡುವಿನ ಡಿಸ್ಕ್‌ನೂ ಹಿಡಿಯುತ್ತೆ, ಕ್ಯಾನ್ಸರ್ ಡಿಸ್ಕ್ ಬಿಟ್ಟು ಮೂಳೆ ತಿನ್ನುತ್ತೆ, ಆದ್ರೆ ಇಷ್ಟನ್ನೇ ನಂಬ್ಕೊಂಡು ಔಷಧಿ ಶುರು ಮಾಡೋಕಾಗಲ್ಲ, ಒಂದಕ್ಕೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ಸಾಕಾಗಬಹುದು, ಇನ್ನೊಂದಕ್ಕೆ ದಾರಿನೇ ಬೇರೆ. ಮೂಳೆಯಲ್ಲಿರೋ ಗಡ್ಡೆಗೆ ಸಿಟಿ ನೋಡ್ಕೊಂಡು ಸೂಜಿ ಹಾಕಿ ಚೂರು ತೆಗೀತಾರೆ, ಜಾಗ ಮರಗಟ್ಟಿಸಿ ಮಾಡ್ತಾರೆ, ಹೆಚ್ಚಾಗಿ ಅವತ್ತೇ ಮನೆಗೆ. "ಬಯಾಪ್ಸಿ ಮಾಡಿದ್ರೆ ಹರಡುತ್ತೆ" ಅನ್ನೋ ಪಕ್ಕದ ಮನೆಯವರ ಮಾತಿಗೆ ಅದನ್ನ ತಪ್ಪಿಸ್ಬೇಡಿ. ಆದ್ರೆ ಕಾರ್ಡೋಮಾ ತರದ ಕೆಲವು ಮೂಳೆ ಗಡ್ಡೆಗಳಲ್ಲಿ ಸೂಜಿ ಹೋದ ದಾರಿನೂ ಲೆಕ್ಕಕ್ಕೆ ಬರುತ್ತೆ, ಆಮೇಲೆ ಅದನ್ನೂ ಸೇರಿಸಿ ತೆಗೀಬೇಕಾಗುತ್ತೆ, ಅದಕ್ಕೆ ಆಪರೇಷನ್ ಮಾಡೋ ಸರ್ಜನ್ ಹೇಳಿದ ಕಡೆಯಿಂದಾನೇ ಮಾಡಿಸೋದು ಒಳ್ಳೇದು. ಚೀಲದೊಳಗಿನ ಗಡ್ಡೆಗೆ ಮೊದಲು ಬಯಾಪ್ಸಿ ಇರಲ್ಲ, ತೆಗೆದ ಮೇಲೇ ಲ್ಯಾಬಿಗೆ ಹೋಗುತ್ತೆ.

ಹಂತ 5: ಕೀಹೋಲ್ ನಿಮಗೆ ಹೊಂದುತ್ತಾ?

ಹಳೇ ಪದ್ಧತಿಯಲ್ಲಿ ಬೆನ್ನ ನಡುವೆ ಉದ್ದಕ್ಕೆ ಕೊಯ್ದು, ಎರಡೂ ಕಡೆ ಮಾಂಸಖಂಡನ ಮೂಳೆಯಿಂದ ಸುಲಿದು, ಹಿಂದಿನ ಮೂಳೆ ಕಮಾನು ಪೂರ್ತಿ ತೆಗೆದು ಒಳಗೆ ಹೋಗ್ತಾರೆ. ಕೀಹೋಲ್‌ನಲ್ಲಿ ನಡುಗೆರೆ ಪಕ್ಕದಲ್ಲಿ ಸುಮಾರು ಮೂರು ಸೆಂಟಿಮೀಟರ್ ಗಾಯ, ಅದರಲ್ಲಿ ಸಣ್ಣ ಕೊಳವೆ, ಅದರ ಮೇಲೆ ಸ್ವಲ್ಪ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು ಹೀಗೆ ಒಂದರ ಮೇಲೊಂದು ಇಳಿಸಿ ಮಾಂಸಖಂಡನ ಕತ್ತರಿಸದೆ ಪಕ್ಕಕ್ಕೆ ಸರಿಸ್ತಾರೆ, ಕೊನೆಗೆ ಉಳಿಯೋ ಕೊಳವೆ ಸುಮಾರು 18ರಿಂದ 22 ಮಿಲಿಮೀಟರ್ ಅಗಲ, ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದಷ್ಟು. ಅದರೊಳಗೆ ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾ ಒಂದೇ ಪಕ್ಕದ ಮೂಳೆ ಉಜ್ಜಿ, ಚೀಲ ಬಿಡಿಸಿ, ಗಡ್ಡೆನ ಒಳಗಿಂದ ಟೊಳ್ಳು ಮಾಡಿ ಚೂರು ಚೂರಾಗಿ ತೆಗೆದು, ಕೂದಲಿನಂಥ ದಾರದಲ್ಲಿ ಚೀಲ ಹೊಲಿದು ಹೊರಗೆ ಬರ್ತಾರೆ. ಲಾಭ ಏನಂದ್ರೆ ರಕ್ತ ಕಮ್ಮಿ ಹೋಗುತ್ತೆ, ಬೆನ್ನಿನ ಖಂಡ ಉಳಿಯುತ್ತೆ, ಬೇಗ ಎದ್ದು ಓಡಾಡಬಹುದು, ಮುಂದೆ ಬೆನ್ನು ಗೂನಾಗೋ ಸಾಧ್ಯತೆ ಕಮ್ಮಿ.

ಒಂದೆರಡು ಮೂಳೆ ಉದ್ದದ, ಹುರಿಯ ಹಿಂದೆ ಅಥವಾ ಪಕ್ಕದಲ್ಲಿರೋ ಮೆನಿಂಜಿಯೋಮಾ ಶ್ವಾನೋಮಾಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಮೂರು ನಾಲ್ಕು ಮೂಳೆ ಉದ್ದ ಇದ್ರೆ, ಹುರಿಯ ನೇರ ಮುಂದೆ ಕೂತಿದ್ರೆ, ಸುಣ್ಣಗಟ್ಟಿದ್ರೆ, ಹುರಿ ಒಳಗೇ ಇದ್ರೆ ಕೊಳವೆಯೊಳಗೆ ಕೈಗಳಿಗೆ ಜಾಗ ಸಾಲಲ್ಲ, ಆಗ ತೆರೆದೇ ಮಾಡ್ಲಿ. ಕಾರ್ಡೋಮಾದಂಥವನ್ನ ಒಡೆಯದೆ ಇಡೀ ಗಡ್ಡೆಯಾಗಿ ತೆಗೀಬೇಕು, ಅಲ್ಲಿ "ಚಿಕ್ಕ ಗಾಯ ಸಾರ್ ಪ್ಲೀಸ್" ಅನ್ನೋದು ನಮಗೇ ನಾವು ಮಾಡ್ಕೊಳೋ ದ್ರೋಹ.

ಹರಡಿದ ಕ್ಯಾನ್ಸರ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಗಡ್ಡೆ ಪೂರ್ತಿ ತೆಗೆಯೋದು ಉದ್ದೇಶ ಅಲ್ಲ, ಹುರಿಗೆ ಉಸಿರಾಡೋ ಜಾಗ ಮಾಡಿ, ಕುಸಿಯೋ ಮೂಳೆನ ಚರ್ಮದ ಮೇಲಿಂದಾನೇ ಸಣ್ಣ ತೂತುಗಳಲ್ಲಿ ಸ್ಕ್ರೂ ರಾಡ್ ಹಾಕಿ ನಿಲ್ಲಿಸಿ, ಉಳಿದಿದ್ದನ್ನ ರೇಡಿಯೇಷನ್‌ಗೆ ಬಿಡೋದು. ಮೂಳೆ ಎಷ್ಟು ಅಲುಗಾಡ್ತಿದೆ ಅಂತ ಅಳೆಯೋಕೆ 18ಕ್ಕೆ ಒಂದು ಸ್ಕೋರ್ ಇದೆ, ಹೆಸರು ಸಿನ್ಸ್. 6ರವರೆಗೆ ಗಟ್ಟಿ, 7ರಿಂದ 12 ಅನುಮಾನ, 13ರಿಂದ ಮೇಲೆ ಕುಸಿಯೋ ಸ್ಥಿತಿ. ನಿಮ್ಮ ಡಾಕ್ಟರ್‌ನ "ಸಿನ್ಸ್ ಎಷ್ಟಿದೆ?" ಅಂತ ಕೇಳಿದ್ರೆ ಅವರು ಒಂದು ಸಲ ತಲೆ ಎತ್ತಿ ನೋಡ್ತಾರೆ, ಆದ್ರೆ ಉತ್ತರ ಕೊಡ್ತಾರೆ. ಬರೀ ಮೂಳೆ ಕುಸಿದು ನೋವಿದ್ದು ಹುರಿಗೆ ಒತ್ತಡ ಇಲ್ಲ ಅಂದ್ರೆ ಸಿಮೆಂಟ್ ಇಂಜೆಕ್ಷನ್ ಒಂದೇ ಸಾಕಾಗಬಹುದು. ಲಿಂಫೋಮಾ, ಮೈಲೋಮಾ ತರದ ರಕ್ತದ ಕ್ಯಾನ್ಸರ್‌ಗಳು ರೇಡಿಯೇಷನ್, ಔಷಧಿಗೇ ಕರಗ್ತವೆ, ಎಷ್ಟೋ ಸಲ ಆಪರೇಷನ್ನೇ ಬೇಡ.

"ಹರಡಿದ ಮೇಲೆ ಆಪರೇಷನ್ ಯಾಕೆ" ಅಂತ ಕೇಳೋ ನೆಂಟರಿಗೆ ಒಂದು ಉತ್ತರ ಇದೆ. 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ಯಾಚೆಲ್ ಅನ್ನೋ ಡಾಕ್ಟರ್ ತಂಡದ ಅಧ್ಯಯನ ಬಂತು, 101 ಜನರ ಮೇಲೆ. ಆಪರೇಷನ್ ಮಾಡಿ ರೇಡಿಯೇಷನ್ ಕೊಟ್ಟವರಲ್ಲಿ ಚಿಕಿತ್ಸೆ ಆದ ಮೇಲೆ ನಡೆಯೋಕಾದವರು 84%, ಬರೀ ರೇಡಿಯೇಷನ್ ಆದವರಲ್ಲಿ 57%. ಅವತ್ತು ಮಾಡಿದ್ದು ತೆರೆದ ಆಪರೇಷನ್‌ಗಳು ಅನ್ನೋದನ್ನೂ ಗಮನಿಸಿ. ಕಾಲು ಉಳಿಸಿದ್ದು ಒತ್ತಡ ತೆಗೆದಿದ್ದು, ಗಾಯದ ಅಳತೆ ಅಲ್ಲ. ಕೀಹೋಲ್‌ನಿಂದ ಆಗೋ ಉಪಕಾರ ಏನಂದ್ರೆ ಗಾಯ ಬೇಗ ಮಾಗಿ ರೇಡಿಯೇಷನ್, ಕಿಮೋ ಬೇಗ ಶುರು ಮಾಡಬಹುದು, ಕ್ಯಾನ್ಸರ್‌ನಿಂದ ಸೊರಗಿದ ಮೈಗೆ ಅದು ದೊಡ್ಡ ವಿಷಯನೇ.

ಹಂತ 6: ಸರ್ಜನ್‌ಗೆ ಏನು ಕೇಳ್ಬೇಕು

ಹೊಲಿಗೆ ಎಷ್ಟು ಅಂತ ಮಾತ್ರ ಕೇಳ್ಬೇಡಿ, ನನ್ನ ತರ. ಈ ಗಡ್ಡೆ ಪೂರ್ತಿ ಬರುತ್ತಾ, ಬಿಡೋದಾದ್ರೆ ಎಷ್ಟು ಬಿಡ್ತೀರಾ? ಕೊಳವೆಯೊಳಗೆ ಆಗ್ಲಿಲ್ಲ ಅಂದ್ರೆ ಅಲ್ಲೇ ತೆರೆದು ಮಾಡ್ತೀರಾ? (ಹೌದು ಅನ್ನೋರು ಒಳ್ಳೇ ಸರ್ಜನ್, "ಆ ಪ್ರಶ್ನೆನೇ ಬರಲ್ಲ" ಅನ್ನೋರ ಹತ್ರ ನಾನಾದ್ರೆ ಎರಡನೇ ಅಭಿಪ್ರಾಯ ತಗೋತೀನಿ.) ಇಂಥವು ವರ್ಷಕ್ಕೆ ಎಷ್ಟು ಮಾಡ್ತೀರಾ? ಆಪರೇಷನ್ ನಡೆಯುವಾಗ ಕೈಕಾಲಿನ ಸಿಗ್ನಲ್ ನೋಡೋ ನ್ಯೂರೋ ಮಾನಿಟರಿಂಗ್ ಇರುತ್ತಾ? ಕಿಡ್ನಿ, ಥೈರಾಯ್ಡ್‌ನಿಂದ ಹರಡಿದ್ದಾದ್ರೆ ಅವು ರಕ್ತ ತುಂಬಿದ ಗಡ್ಡೆಗಳು, ಆಪರೇಷನ್ ಹಿಂದಿನ ದಿನ ರಕ್ತನಾಳ ಮುಚ್ಚೋ ಎಂಬೋಲೈಸೇಷನ್ ಬೇಕಾ ಅಂತ ಕೇಳಿ.

ಇನ್ನೊಂದು ಪ್ರಶ್ನೆ ಕೇಳೋಕೆ ಸಂಕೋಚ ಆಗುತ್ತೆ ಆದ್ರೂ ಕೇಳಿ: ಸರಿಯಾದ ಮೂಳೆನೇ ಅಂತ ಹೇಗೆ ಗುರುತು ಮಾಡ್ತೀರಾ? ಎದೆ ಭಾಗದಲ್ಲಿ 12 ಮೂಳೆ, ನೋಡೋಕೆ ಎಲ್ಲ ಒಂದೇ ತರ, ಕೆಲವರಿಗೆ ಪಕ್ಕೆಲುಬು ಒಂದು ಹೆಚ್ಚುಕಮ್ಮಿ ಇರುತ್ತೆ. ಮೂರು ಸೆಂಟಿಮೀಟರ್ ತೂತಲ್ಲಿ ಒಂದು ಮೂಳೆ ತಪ್ಪಿದ್ರೆ ಗಡ್ಡೆನೇ ಸಿಗಲ್ಲ. ನಮ್ಮ ಸರ್ಜನ್ ಬೇಜಾರು ಮಾಡ್ಕೊಳ್ಳದೆ, ಕೆಳಗಿನಿಂದ ಎಣಿಸ್ಕೊಂಡು ಬರ್ತೀವಿ, ಮೈಮೇಲೆ ಗುರುತು ಮಾಡಿ ಸಿ-ಆರ್ಮ್ ಎಕ್ಸ್‌ರೇಲಿ ಎರಡು ಸಲ ನೋಡ್ತೀವಿ ಅಂತ ವಿವರಿಸಿದ್ರು.

ಹಂತ 7: ದುಡ್ಡು, ಕಾರ್ಡು

ಬೆಂಗಳೂರಲ್ಲಿ ಸರ್ಕಾರಿ ವ್ಯವಸ್ಥೆ ಅಂದ್ರೆ ನಿಮ್ಹಾನ್ಸ್‌ನ ನ್ಯೂರೋಸರ್ಜರಿ, ಕ್ಯಾನ್ಸರ್ ಆದ್ರೆ ಅಲ್ಲೇ ಹತ್ರದ ಕಿದ್ವಾಯಿ. ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ 30%, ಅಂದ್ರೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತೆ. ಖಾಸಗಿ ಆಸ್ಪತ್ರೆಗೆ ಹೋಗೋದಾದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಎಮರ್ಜೆನ್ಸಿ ಬಿಟ್ಟು. ಅಡ್ಮಿಟ್ ಆದ ಮೇಲೆ ಅದಕ್ಕೆ ಓಡಾಡೋದು ನರಕ, ಮುಂಚೆನೇ ಮಾಡಿಸ್ಕೊಳ್ಳಿ. ಎಸ್ಟಿಮೇಟ್ ಕೇಳುವಾಗ ಸ್ಕ್ರೂ, ಮಾನಿಟರಿಂಗ್, ಐಸಿಯು, ಬಯಾಪ್ಸಿ ಎಲ್ಲ ಸೇರಿದ್ಯಾ ಅಂತ ಬರೆಸ್ಕೊಳ್ಳಿ, ಹೊರಗೆ ಬೀಳೋದು ಇವೇ.

ಹಂತ 8: ಆಪರೇಷನ್‌ಗೆ ಮುಂಚೆ

ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತರದ ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಹೇಳಿ, ಯಾವತ್ತು ನಿಲ್ಲಿಸ್ಬೇಕು ಅಂತ ಅವರೇ ಹೇಳ್ತಾರೆ, ಸ್ಟೆಂಟ್ ಇರೋರು ತಾವಾಗೇ ನಿಲ್ಲಿಸೋದು ಅಪಾಯ. ಹುರಿಗೆ ಊತ ಇದ್ರೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಡ್ತಾರೆ, ಒಂದೆರಡು ದಿನದಲ್ಲಿ ಕಾಲು ಹಗುರ ಆಗುತ್ತೆ, ಅದಕ್ಕೇ "ಗುಣ ಆಯ್ತು ಆಪರೇಷನ್ ಬೇಡ" ಅಂತ ವಾಪಸ್ ಬಂದುಬಿಡ್ಬೇಡಿ. ಅದರಿಂದ ಶುಗರ್ ಏರುತ್ತೆ, ಡಯಾಬಿಟಿಸ್ ಇರೋರು ದಿನಕ್ಕೆ ಮೂರ್ನಾಲ್ಕು ಸಲ ಚೆಕ್ ಮಾಡ್ಬೇಕು. ಬೀಡಿ ಸಿಗರೇಟು ಅವತ್ತಿಂದಾನೇ ನಿಲ್ಲಿಸಿ, ಗಾಯ ಮಾಗಲ್ಲ.

ಮೂರು ಬಾಲ್ ಇರೋ ಪ್ಲಾಸ್ಟಿಕ್ ಡಬ್ಬಿ ಕೊಡ್ತಾರೆ, ಶ್ವಾಸಕ್ಕೆ. ನಮ್ಮ ವಾರ್ಡಲ್ಲಿ ಅರ್ಧ ಜನ ಅದನ್ನ ಊದ್ತಿದ್ರು, ನಮ್ಮಮ್ಮನೂ ಕೆನ್ನೆ ಉಬ್ಬಿಸಿ ಊದಿ ಊದಿ ಸುಸ್ತಾದ್ಲು. ಊದೋದಲ್ಲ, ಎಳನೀರು ಕುಡಿಯೋ ಹಾಗೆ ಎಳೀಬೇಕು.

ಹಂತ 9: ವಾರ್ಡಿಂದ ಮನೆಗೆ

ಪೇಷೆಂಟ್‌ನ ಬೋರಲು ಮಲಗಿಸಿ ಪೂರ್ತಿ ಅರಿವಳಿಕೆ ಕೊಟ್ಟು ಮಾಡ್ತಾರೆ, ಕಣ್ಣು ಮುಖ ಸ್ವಲ್ಪ ಊದ್ಕೊಂಡು ಬರಬಹುದು, ಗಾಬರಿ ಬೇಡ. ತೂತು ಚಿಕ್ಕದು ಅಂತ ಟೈಮೂ ಚಿಕ್ಕದಲ್ಲ, ಒಳಗೆ ಹೋಗಿ ನಾಲ್ಕು ಗಂಟೆ ಆದ್ರೂ ಬಾಗಿಲು ತೆರೀಲಿಲ್ಲ ಅಂತ ನಾನು ಅವತ್ತು ಕಾರಿಡಾರ್‌ನ ಟೈಲ್ಸ್ ಎಣಿಸಿ ಮುಗಿಸಿದ್ದೆ. ಎಚ್ಚರ ಆದ ತಕ್ಷಣ "ಕಾಲು ಬೆರಳು ಆಡಿಸಿ" ಅಂತಾರೆ. ಮುಂಚೆ ಆಡ್ತಿದ್ದಿದ್ದು ಈಗ ಆಡ್ತಿಲ್ಲ ಅಥವಾ ಗಂಟೆ ಕಳೆದ ಹಾಗೆ ಶಕ್ತಿ ಇಳೀತಿದೆ ಅಂದ್ರೆ ಸಿಸ್ಟರ್‌ಗೆ ಆಗ್ಲೇ ಹೇಳಿ, ಒಳಗೆ ರಕ್ತ ಕಟ್ಟಿರಬಹುದು, ಅದು ಕಾಯೋ ವಿಷಯ ಅಲ್ಲ.

ಚೀಲ ಬಿಡಿಸಿ ಹೊಲಿದಿದ್ರೆ ಒಂದೆರಡು ದಿನ ಮಲಗೇ ಇರಿ ಅನ್ನಬಹುದು. ಗಾಯದಿಂದ ತಿಳಿ ನೀರು ಬಂದು ಬ್ಯಾಂಡೇಜ್ ಒದ್ದೆ ಆಗೋದು, ಕೂತ್ರೆ ನಿಂತ್ರೆ ತಲೆನೋವು ಮಲಗಿದ್ರೆ ಇಲ್ಲ ಅನ್ನೋದು, ಇವು ಬೆನ್ನುಹುರಿ ನೀರು ಸೋರ್ತಿರೋ ಲಕ್ಷಣ. ಮನೆಗೆ ಬಂದ ಮೇಲೆ ಆದ್ರೂ ಫೋನ್ ಮಾಡಿ ಹೋಗಿ, ಜೊತೆಗೆ ಜ್ವರ, ಕತ್ತು ಬಿಗಿತ ಇದ್ರೆ ಹೊರಟುಬಿಡಿ.

ಮಗ್ಗುಲು ತಿರುಗುವಾಗ ಭುಜ ಸೊಂಟ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ. ಮನೆಲಿ ಇಂಡಿಯನ್ ಟಾಯ್ಲೆಟ್ ಇದ್ರೆ ಅದರ ಮೇಲೆ ಇಡೋ ಕಮೋಡ್ ಚೇರ್ ಡಿಸ್ಚಾರ್ಜ್‌ಗೆ ಮುಂಚೆನೇ ತನ್ನಿ. ಬಿಂದಿಗೆ, ಗ್ಯಾಸ್ ಸಿಲಿಂಡರ್, ಮೊಮ್ಮಗು, ಮೂರನ್ನೂ ಎತ್ತೋ ಹಾಗಿಲ್ಲ, ಮೂರನೇದು ನಮ್ಮಮ್ಮ ಕೇಳ್ಲೇ ಇಲ್ಲ, ಕೊನೆಗೆ ಮಂಚದ ಮೇಲೆ ಕೂರಿಸಿ ಮಗುನ ಪಕ್ಕಕ್ಕೆ ಬಿಡ್ತಿದ್ವಿ. ಫಿಸಿಯೋ ಬಿಡ್ಬೇಡಿ. ಕಾಲಿನ ಶಕ್ತಿ ವಾರಗಳಲ್ಲಿ ಬರುತ್ತೆ, ಸ್ಪರ್ಶ ತಿಂಗಳುಗಟ್ಟಲೆ ಹಿಡಿಯುತ್ತೆ, ಕೆಲವರಿಗೆ ಪೂರ್ತಿ ಬರದೇನೂ ಇರಬಹುದು. ಎರಡನೇ ತಿಂಗಳು ಒಂದಿನ ಅಂಗಳದಲ್ಲಿ ಅಮ್ಮ ನಡೀತಾ ನಡೀತಾ ನಿಂತು, ಹಿಂದೆ ತಿರುಗಿ, "ಚಪ್ಪಲಿ ಬಿತ್ತಲ್ಲೋ" ಅಂದ್ಲು. ಬಿದ್ದಿದ್ದು ಅವಳಿಗೇ ಗೊತ್ತಾಗಿತ್ತು.

ಹಂತ 10: ಆಮೇಲಿನ ಓಡಾಟ

ಲ್ಯಾಬ್ ರಿಪೋರ್ಟ್ ಬರೋಕೆ ವಾರ ಹತ್ತು ದಿನ ಆಗುತ್ತೆ, ಮುಂದಿನ ದಾರಿ ನಿಲ್ಲೋದು ಅದರ ಮೇಲೇ. ಗ್ರೇಡ್ 1, ಅಂದ್ರೆ ನಿಧಾನಕ್ಕೆ ಬೆಳೆಯೋ ಸಾಧು ಗಡ್ಡೆ ಅಂತ ಬಂದು ಪೂರ್ತಿ ತೆಗೆದಿದ್ರೆ ಸಾಮಾನ್ಯವಾಗಿ ಬೇರೆ ಚಿಕಿತ್ಸೆ ಇರಲ್ಲ, ಆಗಾಗ ಎಂಆರ್‌ಐ ಮಾಡಿಸ್ತಾ ಇರೋದು ಅಷ್ಟೇ. ಹರಡಿದ್ದಾದ್ರೆ ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ, ಗಾಯ ಒಣಗಿದ ಮೇಲೆ ರೇಡಿಯೇಷನ್. ಸ್ಕ್ರೂ ಟೈಟಾನಿಯಂ ಆದ್ರೆ ಎಂಆರ್‌ಐ ಮಾಡಬಹುದು, ಯಾವ ಲೋಹ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸ್ಕೊಳ್ಳಿ. ಲ್ಯಾಬಿಂದ ಗಡ್ಡೆಯ ಚೂರು ಇಟ್ಟಿರೋ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಇಸ್ಕೊಳ್ಳಿ, ಮುಂದೆ ಬೇರೆ ಆಸ್ಪತ್ರೆಗೆ ಹೋದ್ರೆ ಮೊದಲು ಕೇಳೋದು ಅದನ್ನ, ಮೇಣದ ಬ್ಲಾಕ್ ಆದ್ದರಿಂದ ಬಿಸಿಲು ಬೀಳೋ ಕಡೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡ್ಬೇಡಿ. ಪ್ರತಿ ಸಲ ಸ್ಕ್ಯಾನ್‌ಗೆ ಹೋಗುವಾಗ ಹಳೇ ಸಿಡಿ ಜೊತೆಗೆ ಒಯ್ದು ಕೊಡಿ, ಹೋಲಿಸಿ ಬರೆಯೋಕೆ ಅವರಿಗೆ ಅದು ಬೇಕು. ನಮ್ಮ ಸಿಡಿಗಳು ಅಡುಗೆಮನೆಯ ಹಪ್ಪಳದ ಡಬ್ಬಿ ಮೇಲಿನ ಅಟ್ಟದಲ್ಲಿವೆ, ಅಮ್ಮನ ಪ್ರಕಾರ ಅಲ್ಲಿಟ್ಟಿದ್ದು ಕಳೆಯಲ್ಲ.